ದನದ ಡಾಕ್ಟರ್ ಅಲ್ಲದೆಯೂ ದಾರಿಯಿದೆ

ಮಾನ್ಯ ಸಂಪಾದಕರೇ,

ಪಶು ವಿಜ್ಞಾನ ಓದುತ್ತೇನೆ ಅಂದರೆ ಸಾಕು, ‘ದನದ ಡಾಕ್ಟರಾ?’ ಎಂದು ಕೇಳುತ್ತಾರೆ. ಅಲ್ಲ. ಚಿಕಿತ್ಸೆ ಬೇರೆ ಕೋರ್ಸು. ನಾವು ಕಲಿಯುವುದು ಮೇವು, ತಳಿ, ಸಾಕಣೆ.

ಹಸುವಿನ ಹೊಟ್ಟೆಗೆ 4 ಭಾಗ. ಅದರಲ್ಲಿ ದೊಡ್ಡದು ರೂಮೆನ್. ಅದರ ರಸದ ಒಂದು ಹನಿಯನ್ನು ಬಿಸಿ ಆರುವ ಮುಂಚೆ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಕಣ್ಣಿಗೆ ಕಾಣದ ಸಾವಿರಾರು ಜೀವಿಗಳು ಗಡಿಬಿಡಿಯಿಂದ ಓಡಾಡುತ್ತಿರುತ್ತವೆ! ಹುಲ್ಲನ್ನು ಅರಗಿಸುವುದು ಇಂಥ ಜೀವಿಗಳೇ. ಅದನ್ನು ನೋಡಿದ ದಿನವೇ ನನಗೆ ಈ ಓದಿನ ಹುಚ್ಚು ಹಿಡಿಯಿತು.

ಪಶು ಆಹಾರ ಕಂಪನಿ, ಡೇರಿ, ಕೋಳಿ ಫಾರಂ, ತಳಿ ಸುಧಾರಣೆ, ಮೃಗಾಲಯ, ಸಂಶೋಧನೆ ಎಲ್ಲ ಕಡೆ ಕೆಲಸವಿದೆ. ಹಸು ತೇಗಿದಾಗ ಹೊರಬರುವ, ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲವನ್ನು ಕಡಿಮೆ ಮಾಡುವುದೂ ಪಶು ವಿಜ್ಞಾನ ಓದಿದವರ ಕೆಲಸ. ವೆಟರ್ನರಿ ಸೀಟು ಸಿಗದವರಿಗೆ ಶಿಕ್ಷಕರು ದಯವಿಟ್ಟು ಇದನ್ನೂ ಹೇಳಲಿ.

– ಪಶು ವಿಜ್ಞಾನದ ವಿದ್ಯಾರ್ಥಿನಿ