ಎಪಿಡಿ ಓದಲು ಹೊರಟವನಿಗೆ

ಪ್ರಿಯ ಮಂಜು,

ಅವಲಾಂಚ್ ಫೋಟೋಡಯೋಡ್ (ಎಪಿಡಿ), ಅಂದರೆ ಬೆಳಕನ್ನು ಕರೆಂಟ್ ಮಾಡಿ ಅದನ್ನು ಒಳಗೇ ಹಲವು ಪಟ್ಟು ಹೆಚ್ಚಿಸುವ ಡಯೋಡ್, ಅದರ ಓದು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀಯ. ಈ ಡಯೋಡ್‌ಗಳ ಮೇಲೆ ಕೆಲಸ ಮಾಡಿದ ಅಮೆರಿಕದ ಸಂಶೋಧಕ ಜೋ ಕ್ಯಾಂಪ್‌ಬೆಲ್ ಅವರ ಪ್ರಬಂಧಗಳನ್ನು ಹಳೆಯದರಿಂದ ಹೊಸದಕ್ಕೆ ಓದುತ್ತಾ ಬಾ. ಅವರು ಕೆಲಸ ಮಾಡಿದ್ದು ಮೊದಲು ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ, ಆಮೇಲೆ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ, 2006ರಿಂದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ. ಊರು ಬದಲಾಯಿತು, ಹಿಡಿದ ಸಮಸ್ಯೆ ಬದಲಾಗಲಿಲ್ಲ: ಗೇನ್ (ಕರೆಂಟ್ ಎಷ್ಟು ಪಟ್ಟು ಹೆಚ್ಚಿತು ಎಂಬುದು) ಬೇಕು, ನಾಯ್ಸ್ (ಕರೆಂಟಿನ ಅಡ್ಡಾದಿಡ್ಡಿ ಏರಿಳಿತ) ಬೇಡ.

1983ರ ಕೆಲಸದಿಂದ ಶುರು ಮಾಡು. 1.55 ಮೈಕ್ರಾನ್ ಬೆಳಕು ಹೀರುವುದು ಇಂಡಿಯಮ್ ಗ್ಯಾಲಿಯಮ್ ಆರ್ಸೆನೈಡ್. ಅದರ ಬ್ಯಾಂಡ್‌ಗ್ಯಾಪ್ (ಎಲೆಕ್ಟ್ರಾನ್ ಬಿಡಿಸಲು ಬೇಕಾದ ಶಕ್ತಿ) ಬರೀ 0.75 ಇವಿ (ಎಲೆಕ್ಟ್ರಾನ್ ವೋಲ್ಟ್), ವಿದ್ಯುತ್ ಫೀಲ್ಡ್ ಏರಿಸಿದರೆ ಅವಲಾಂಚ್‌ಗೆ (ಡಿಕ್ಕಿಯಿಂದ ಎಲೆಕ್ಟ್ರಾನ್‌ಗಳು ಗುಣಿಸಿಕೊಳ್ಳುವುದಕ್ಕೆ) ಮೊದಲೇ ಟನೆಲಿಂಗ್ ಸೋರಿಕೆ, ಅಂದರೆ ಎಲೆಕ್ಟ್ರಾನ್‌ಗಳು ಬ್ಯಾಂಡ್‌ಗ್ಯಾಪ್ ತೂರಿ ಹರಿಯುತ್ತವೆ. ಅದಕ್ಕೇ ಗುಣಿಸುವ ಕೆಲಸವನ್ನು ಇಂಡಿಯಮ್ ಫಾಸ್ಫೈಡ್‌ಗೆ ವಹಿಸಿದರು. ಆದರೆ ಈ ಎರಡರ ಗಡಿಯಲ್ಲಿ ವೇಲೆನ್ಸ್ ಬ್ಯಾಂಡ್ (ಹೋಲ್‌ಗಳು ಸಾಗುವ ಶಕ್ತಿಮಟ್ಟ) ಸುಮಾರು 0.4 ಇವಿ ಜಿಗಿಯುತ್ತದೆ. ಹೋಲ್‌ಗಳು (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗಗಳು) ಅಲ್ಲಿ ಸಿಕ್ಕಿಕೊಂಡು ಡಯೋಡ್ ನಿಧಾನವಾಗುತ್ತದೆ. ಕ್ಯಾಂಪ್‌ಬೆಲ್ ತಂಡ ಮಧ್ಯಂತರ ಬ್ಯಾಂಡ್‌ಗ್ಯಾಪಿನ ಗ್ರೇಡಿಂಗ್ ಪದರ ಸೇರಿಸಿ ಆ ಜಿಗಿತವನ್ನು ತುಂಡು ಮಾಡಿತು.

ನಾಯ್ಸ್‌ಗೆ ಮೆಕಿಂಟೈರ್ ಅವರ 1966ರ ಸೂತ್ರ ಸಾಕು: ಎಫ್ = ಕೆ×ಎಂ + (1−ಕೆ)(2−1/ಎಂ). ಎಫ್ ಎಂದರೆ ಗುಣನದಿಂದ ಕೂಡುವ ಹೆಚ್ಚುವರಿ ನಾಯ್ಸ್‌ನ ಅಳತೆ. ಎಂ ಎಂದರೆ ಗೇನ್. ಕೆ ಎಂದರೆ ಎಲೆಕ್ಟ್ರಾನ್, ಹೋಲ್‌ಗಳ ಅಯಾನೀಕರಣದ (ಡಿಕ್ಕಿಯಿಂದ ಹೊಸ ಜೋಡಿ ಹುಟ್ಟಿಸುವುದರ) ಅನುಪಾತ. ಗೇನ್ 10 ಇಟ್ಟುಕೋ. ಕೆ 0.45 ಇರುವ ಇಂಡಿಯಮ್ ಫಾಸ್ಫೈಡ್‌ನಲ್ಲಿ ಎಫ್ 5.5, ಕೆ 0.02 ಇರುವ ಸಿಲಿಕಾನ್‌ನಲ್ಲಿ 2.1. ಇತ್ತೀಚಿನ ಆಂಟಿಮನಿ ಮಿಶ್ರಲೋಹಗಳ ಕೆಲಸವೆಲ್ಲ ಸಿಲಿಕಾನಿನ ಈ ಮಟ್ಟವನ್ನು ಇನ್‌ಫ್ರಾರೆಡ್‌ಗೆ ತರುವ ಪಟ್ಟು. ನನ್ನ ಪ್ರಕಾರ ಅವರ ಕೆಲಸದಲ್ಲಿ ಅತಿ ರಸವತ್ತಾದ ಭಾಗ ಇದೇ.

ಲ್ಯಾಬಿನಲ್ಲಿ ಹೆಚ್ಚಿನವರು ಎಡವುವುದು ಗೇನ್ 1 ಯಾವುದು ಎಂಬಲ್ಲಿ. ಬಯಾಸ್ (ಡಯೋಡಿಗೆ ಕೊಡುವ ವೋಲ್ಟೇಜ್) ಏರಿಸುವಾಗ ಡಿಪ್ಲೀಷನ್ (ವಾಹಕಗಳು ಖಾಲಿಯಾಗಿ ಫೀಲ್ಡ್ ತುಂಬಿದ ಭಾಗ) ಹೀರುವ ಪದರ ಮುಟ್ಟಿದೊಡನೆ ಫೋಟೋಕರೆಂಟ್ ಜಿಗಿಯುತ್ತದೆ, ಅದೇ ಪಂಚ್‌ಥ್ರೂ. ಅದನ್ನೇ ಗೇನ್ 1 ಎಂದು ಬರೆದುಕೊಳ್ಳಬೇಡ. ಆ ಹೊತ್ತಿಗೆ ಗುಣನ ಶುರುವಾಗಿರಬಹುದು. ಲೆಕ್ಕ ಹೀಗೆ: ಗೇನ್ 1 ಇದ್ದರೆ 1.55 ಮೈಕ್ರಾನ್‌ನಲ್ಲಿ ಪ್ರತಿ ವ್ಯಾಟ್‌ಗೆ ಗರಿಷ್ಠ 1.25 ಆಂಪಿಯರ್. ಆ್ಯಂಟಿರಿಫ್ಲೆಕ್ಷನ್ ಲೇಪ ಇಲ್ಲದಿದ್ದರೆ ಸುಮಾರು 30% ಪ್ರತಿಫಲನಕ್ಕೇ ಹೋಯಿತು. 1 ಮೈಕ್ರಾನ್ ದಪ್ಪದ ಪದರ ಒಳಬಂದದ್ದರಲ್ಲಿ ಅರ್ಧದಷ್ಟು ಹೀರುತ್ತದೆ. ಉಳಿದದ್ದು 0.44. ಮೀಟರ್ 0.9 ತೋರಿಸಿದರೆ ಗೇನ್ ಆಗಲೇ 2. ಇದನ್ನು ಬಿಟ್ಟರೆ ಎಂ ಅರ್ಧಕ್ಕಿಳಿದು ಎಫ್ ದುಪ್ಪಟ್ಟು ಕಾಣುತ್ತದೆ. ಒಳ್ಳೆಯ ಡಯೋಡಿಗೆ ಸುಮ್ಮನೆ ಕೆಟ್ಟ ಹೆಸರು.

ಡಾರ್ಕ್ ಕರೆಂಟ್ (ಬೆಳಕಿಲ್ಲದಾಗಲೂ ಹರಿಯುವ ಕರೆಂಟ್) ಹೆಚ್ಚಿದ್ದರೆ ಬೇರೆ ಬೇರೆ ವ್ಯಾಸದ ಡಯೋಡ್‌ಗಳನ್ನು ಒಂದೇ ಬಯಾಸ್‌ನಲ್ಲಿ ಅಳೆ. ವ್ಯಾಸದ ಜೊತೆ ನೇರವಾಗಿ ಏರಿದರೆ ಅಂಚಿನ ಸೋರಿಕೆ: ಎಚಿಂಗ್ (ಡಯೋಡ್ ಕೊರೆದ ಬಗೆ), ಪ್ಯಾಸಿವೇಷನ್ (ಅಂಚಿನ ರಕ್ಷಣಾ ಲೇಪ) ನೋಡು. ವ್ಯಾಸದ ವರ್ಗಕ್ಕೆ ಏರಿದರೆ ತೊಂದರೆ ಪದರದ ಒಳಗೇ, ವೇಫರ್ ಬೆಳೆಸಿದವರನ್ನೇ ಕೇಳಬೇಕು.

ಮೊದಲ ಕರೆಂಟ್-ವೋಲ್ಟೇಜ್ ಗ್ರಾಫ್ ಬಂದಾಗ ಕಳಿಸು. ಡಾರ್ಕ್, ಫೋಟೋ ಎರಡೂ ಒಂದೇ ಹಾಳೆಯಲ್ಲಿರಲಿ.

ನಿನ್ನ
ಶ್ರೀಧರ