ಮಿಡ್‌ಬ್ರೈನ್ ಶಿಬಿರಕ್ಕೆ ದುಡ್ಡು ಕಟ್ಟುವ ಮುನ್ನ

ಮಾನ್ಯ ಸಂಪಾದಕರೇ,

ವಾರ್ಷಿಕ ಪರೀಕ್ಷೆ ಮುಗಿಯುತ್ತಿದ್ದಂತೆ ಮೈಸೂರಿನ ಬಡಾವಣೆಗಳಲ್ಲಿ ‘ಮಿಡ್‌ಬ್ರೈನ್ ಆಕ್ಟಿವೇಶನ್’ ಶಿಬಿರಗಳ ಪೋಸ್ಟರ್ ಕಾಣಿಸಿಕೊಳ್ಳುತ್ತವೆ. ಮಧ್ಯಮೆದುಳನ್ನು ಜಾಗೃತಗೊಳಿಸಿದರೆ ಮಗು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಓದುತ್ತದೆ, ನೆನಪಿನ ಶಕ್ತಿ ಹೆಚ್ಚುತ್ತದೆ ಎಂಬ ಭರವಸೆ ಅವುಗಳದ್ದು.

ಮಧ್ಯಮೆದುಳು ಎಂದರೆ ಮೆದುಳನ್ನು ಬೆನ್ನುಹುರಿಗೆ ಜೋಡಿಸುವ ಮಿದುಳುಕಾಂಡದ ಮೇಲ್ತುದಿಯಲ್ಲಿರುವ, ಸುಮಾರು 2 ಸೆಂಟಿಮೀಟರ್ ಉದ್ದದ ಭಾಗ. ಕಣ್ಣುಗುಡ್ಡೆ ಹೊರಳಿಸುವುದು, ಸದ್ದು ಬಂದತ್ತ ತಲೆ ತಿರುಗಿಸುವುದು, ಎಚ್ಚರವಾಗಿರುವುದು, ಇವುಗಳಲ್ಲೆಲ್ಲ ಅದರ ಪಾಲಿದೆ. ಅಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತ ಹೋದಾಗ ಪಾರ್ಕಿನ್ಸನ್ ಕಾಯಿಲೆಯ ಕೈನಡುಕ, ಬಿಗಿತ ಶುರುವಾಗುತ್ತವೆ. ಐಸಿಯುನಲ್ಲಿ ವೈದ್ಯರು ಕಣ್ಣಿಗೆ ಟಾರ್ಚ್ ಬಿಟ್ಟು ಪಾಪೆ ಕಿರಿದಾಗುತ್ತದೆಯೇ ಎಂದು ನೋಡುತ್ತಾರಲ್ಲ, ಆ ಪ್ರತಿಕ್ರಿಯೆ ಹಾದುಹೋಗುವುದೂ ಇಲ್ಲಿಂದಲೇ. ನಿಮ್ಮ ಮಗುವಿನ ಪಾಪೆ ಬೆಳಕಿಗೆ ಕಿರಿದಾಗುತ್ತಿದ್ದರೆ ಅದರ ಮಧ್ಯಮೆದುಳು ದುಡ್ಡು ಕಟ್ಟದೆಯೇ ಕೆಲಸ ಮಾಡುತ್ತಿದೆ.

ಹಾಗಾದರೆ ವೇದಿಕೆಯ ಮೇಲೆ ಮಕ್ಕಳು ಓದುವುದು ಹೇಗೆ? ಮೂಗಿನ ಪಕ್ಕದ ಸಂದಿಯಿಂದ. ಅಲ್ಲಿ ಬಟ್ಟೆ ಕೆನ್ನೆಗೆ ಪೂರ್ತಿ ಅಂಟುವುದಿಲ್ಲ. ಮಗು ಗದ್ದ ತುಸು ಎತ್ತಿ, ಕಾರ್ಡನ್ನು ಎದೆಯ ಹತ್ತಿರ ಹಿಡಿಯುವುದನ್ನು ಗಮನಿಸಿ. ಪರೀಕ್ಷಿಸುವುದು ಕಷ್ಟವಲ್ಲ. ಬಟ್ಟೆ ಹಾಗೇ ಇರಲಿ. ಗದ್ದದ ಕೆಳಗೆ ಅಗಲವಾದ ರಟ್ಟು ಅಡ್ಡ ಹಿಡಿದು, ಕಾರ್ಡನ್ನು ರಟ್ಟಿನಡಿ ಇಡಿ. ಇಲ್ಲವೇ ಕಪ್ಪು ಟೇಪ್ ಅಂಟಿಸಿದ ಈಜು ಕನ್ನಡಕ ಹಾಕಿ. ಕಾರ್ಡಿನಲ್ಲಿ ಏನಿದೆ ಎಂಬುದು ಕೋಣೆಯಲ್ಲಿರುವ ಯಾರಿಗೂ ಗೊತ್ತಿರಬಾರದು, ಇಲ್ಲದಿದ್ದರೆ ಕೆಮ್ಮು, ಗಂಟಲು ಸರಿಪಡಿಸುವಿಕೆಯೂ ಸುಳಿವಾಗುತ್ತದೆ. ಕೆಂಪು, ಕಪ್ಪು ಎಂದು ಎರಡೇ ಬಣ್ಣ ಕೇಳಬೇಡಿ. 10ರಲ್ಲಿ 5ರ ಆಸುಪಾಸು ಬರೀ ಊಹೆಗೇ ಸಿಗುತ್ತದೆ. ಇಡೀ ವಾಕ್ಯ ಓದಿಸಿ. ಮಗುವನ್ನು ಮಾತ್ರ ಗದರಬೇಡಿ. ಜೊತೆಯವರೆಲ್ಲ ‘ಕಾಣಿಸಿತು’ ಎನ್ನುವಾಗ, ಅಪ್ಪ ಅಮ್ಮ ಎದುರಿಗೆ ಕುಳಿತಿರುವಾಗ, ಇಣುಕದೆ ಅದಕ್ಕೆ ಬೇರೆ ದಾರಿ ಇರುವುದಿಲ್ಲ.

ಎಡಮೆದುಳಿನವರು ತರ್ಕದವರು, ಬಲಮೆದುಳಿನವರು ಕಲೆಯವರು ಎಂದು ಮಕ್ಕಳನ್ನು ವಿಂಗಡಿಸುವ ‘ನಿಮ್ಮ ಮಗು ಎಡಮೆದುಳಿನದೋ ಬಲಮೆದುಳಿನದೋ’ ಎಂಬ ಪ್ರಶ್ನಾವಳಿಯೂ ಇದೇ ಜಾತಿಯದು. ಎರಡು ಭಾಗಗಳ ಕೆಲಸದಲ್ಲಿ ವ್ಯತ್ಯಾಸವಿರುವುದು ನಿಜ. ಆದರೆ ಅಮೆರಿಕದ ನರವಿಜ್ಞಾನಿ ರೋಜರ್ ಸ್ಪೆರಿಯವರಿಗೆ 1981ರಲ್ಲಿ ನೊಬೆಲ್ ತಂದ ಪ್ರಯೋಗಗಳು ಎರಡರ ನಡುವಿನ ಸಂಪರ್ಕವೇ ಕಡಿದುಹೋದ ಮೆದುಳುಗಳ ಮೇಲಿನವು. ನಮ್ಮ ನಿಮ್ಮ ತಲೆಯಲ್ಲಿ ಸುಮಾರು 20 ಕೋಟಿ ನರತಂತುಗಳು ಎರಡನ್ನೂ ಬೆಸೆದಿವೆ.

ಮನೆಯಲ್ಲೇ 1935ರಲ್ಲಿ ಬಾನುಲಿ ಕೇಂದ್ರ ತೆರೆದ ಎಂ.ವಿ. ಗೋಪಾಲಸ್ವಾಮಿಯವರು ನಮ್ಮ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಪ್ರಾಧ್ಯಾಪಕರಾಗಿದ್ದವರು. ಅಂಥವರು ಪಾಠ ಹೇಳಿದ ಊರಿನಲ್ಲಿ ಈ ವ್ಯಾಪಾರ ಇಷ್ಟು ಸಲೀಸಾಗಿ ನಡೆಯುತ್ತಿದೆ!

ಮಗು ಓದಿನಲ್ಲಿ ನಿಜಕ್ಕೂ ಹಿಂದೆ ಬಿದ್ದಿದ್ದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಮೂರನೇ ತರಗತಿ ದಾಟಿದರೂ ಒತ್ತಕ್ಷರ ಬಿಟ್ಟು ‘ಕತ್ತೆ’ಯನ್ನು ‘ಕತೆ’ ಎಂದು ಬರೆಯುವುದು, ದೀರ್ಘ ತಪ್ಪುವುದು, ಬಾಯಲ್ಲಿ ಸರಿಯಾಗಿ ಹೇಳಿದ ಉತ್ತರವನ್ನು ಬರೆಯಲಾಗದೆ ಒದ್ದಾಡುವುದು ಇವೆಲ್ಲ ಮುಂದುವರಿದರೆ ಕಲಿಕಾ ನ್ಯೂನತೆ ಇದೆಯೇ ಎಂದು ನೋಡಿಸಬೇಕು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ತಜ್ಞರಿದ್ದಾರೆ. ಹೋಗುವಾಗ ಕನ್ನಡ, ಇಂಗ್ಲಿಷ್, ಗಣಿತದ ನೋಟ್‌ಬುಕ್ ಒಯ್ಯಿರಿ. ತಿದ್ದಿಸಿ ಅಂದಗೊಳಿಸಿದ ಪ್ರತಿ ಬೇಡ, ಮಗು ತಾನೇ ಬರೆದದ್ದೇ ಇರಲಿ.

– ಮನಃಶಾಸ್ತ್ರ ಅಧ್ಯಾಪಕರು, ಸರಸ್ವತಿಪುರಂ, ಮೈಸೂರು