ಹೊಂಡದ ಫೋಟೊ ಹಾಕಿದಿರಿ, ಅಲೆಯ ಮಾತು ಬಿಟ್ಟಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸಿಡ್ನಿ ಪಕ್ಕದ ರಾಯಲ್ ನ್ಯಾಷನಲ್ ಪಾರ್ಕ್ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆ. ನಾನು ಕುಮಟಾದವಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ವರ್ಷದಲ್ಲಿ ಕೆಲವು ತಿಂಗಳು ಸಿಡ್ನಿಯಲ್ಲಿ ಮಗಳ ಮನೆಯಲ್ಲಿ ಇರುತ್ತೇನೆ. ಲೇಖಕರು ಹೇಳಿದ ದಾರಿಯಲ್ಲಿ ನಡೆದಿದ್ದೇನೆ, ಅಲ್ಲಿ ಟೆಂಟಿನಲ್ಲಿ ಮಲಗಿದ್ದೇನೆ. ಬರೆದ ರೀತಿ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಜೊತೆಗೆ ಹಾಕಿದ ದೊಡ್ಡ ಫೋಟೊ ನೋಡಿ ಎದೆ ಧಸಕ್ ಎಂದಿತು.

ಅದು ಫಿಗರ್ ಎಯ್ಟ್ ಪೂಲ್ಸ್ ಎಂಬ ಜಾಗದ ಫೋಟೊ. ಕಡಲಂಚಿನ ಬಂಡೆಯಲ್ಲಿ ಇಂಗ್ಲಿಷ್ ಎಂಟರ ಆಕಾರದ ಹೊಂಡ, ತಿಳಿನೀರು, ಕಾಲು ಇಳಿಬಿಟ್ಟು ಕೂತ ಹುಡುಗಿ. ಕೆಳಗೆ 'ಪ್ರಕೃತಿಯೇ ಕಟ್ಟಿದ ಈಜುಕೊಳ' ಅಂತ ಒಂದು ಸಾಲು. ಅಷ್ಟೇ. ಆ ಬಂಡೆಯ ಮೇಲೆ ಅಲೆ ನುಗ್ಗಿ ಜನ ಗಾಯ ಮಾಡಿಕೊಂಡ ಉದಾಹರಣೆ ಒಂದೆರಡಲ್ಲ. ಅಲ್ಲಿನ ಪಾರ್ಕ್ ಇಲಾಖೆ ಈ ಒಂದು ಜಾಗಕ್ಕೆಂದೇ ಅಲೆಯ ಅಪಾಯದ ಮುನ್ಸೂಚನೆಯನ್ನು ವೆಬ್‌ಸೈಟಿನಲ್ಲಿ ಹಾಕುತ್ತದೆ. ಒಂದು ಹೊಂಡಕ್ಕಾಗಿ ಸರ್ಕಾರ ಇಷ್ಟು ಮಾಡುತ್ತಿದೆ ಎಂದರೆ ಸುಮ್ನೆ ಅಲ್ವಲ್ಲ? ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ.

ನಮ್ಮ ಕಡೆಯವರಿಗೆ ಇದು ಯಾಕೆ ಜಾಸ್ತಿ ಮುಖ್ಯ ಅಂತ ಹೇಳುತ್ತೇನೆ. ಕುಮಟಾ, ಹೊನ್ನಾವರ, ಭಟ್ಕಳದ ಕಡಲು ಸಿಟ್ಟಾಗುವ ಮೊದಲು ಸಾಮಾನ್ಯವಾಗಿ ಸುಳಿವು ಕೊಡುತ್ತದೆ. ಮೋಡ ಕಟ್ಟುತ್ತದೆ, ಗಾಳಿ ತಿರುಗುತ್ತದೆ, ಮಳೆ ಹಿಡಿಯುತ್ತದೆ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ, ಬಂದರಿನಲ್ಲಿ ಸಾಲಾಗಿ ನಿಂತಿರುತ್ತವೆ. ಹಾಗಾಗಿ ಬಿಸಿಲು ಬಿದ್ದ ದಿನ ಕಡಲೂ ಸುಮ್ಮನಿರುತ್ತದೆ ಎಂಬುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಸಿಡ್ನಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಎದುರಿಗಿರುವುದು ಟಾಸ್ಮನ್ ಸಮುದ್ರ. ನೂರಾರು ಕಿಲೋಮೀಟರ್ ದೂರದಲ್ಲಿ ಎಲ್ಲೋ ಬಿರುಗಾಳಿ ಬೀಸಿರುತ್ತದೆ. ಅದರ ಅಲೆ ಒಂದೆರಡು ದಿನ ಬಿಟ್ಟು ದಡ ಮುಟ್ಟುತ್ತದೆ. ಅಷ್ಟರಲ್ಲಿ ಸಿಡ್ನಿಯಲ್ಲಿ ಆಕಾಶ ನೀಲಿ, ಎಲೆ ಅಲ್ಲಾಡುವಷ್ಟೂ ಗಾಳಿ ಇಲ್ಲ. ಮೇಲಾಗಿ ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ನಡುವೆ ಹತ್ತು-ಹದಿನೈದು ನಿಮಿಷ ಎಲ್ಲ ತಣ್ಣಗಿರಬಹುದು. ಫೋಟೊ ತೆಗೆಯುವವರು ಬಂಡೆಗೆ ಇಳಿಯುವುದು ಸರಿಯಾಗಿ ಆ ಹೊತ್ತಿನಲ್ಲೇ.

ನಾವು ಹೋದ ದಿನ ಮುನ್ಸೂಚನೆ ಚೆನ್ನಾಗಿರಲಿಲ್ಲ. ಮಗಳು ಬೆಳಿಗ್ಗೆಯೇ ಮೊಬೈಲ್ ನೋಡಿ, 'ಅಮ್ಮಾ, ಹೊಂಡ ಇವತ್ತು ಬೇಡ' ಎಂದಳು. ಬರ್ನಿಂಗ್ ಪಾಮ್ಸ್ ಎಂಬ ಬೀಚಿನ ಮೇಲಿನ ದಿಬ್ಬದಲ್ಲಿ ಚಪಾತಿ, ಮಾವಿನಮಿಡಿ ಉಪ್ಪಿನಕಾಯಿ ಬಿಚ್ಚಿಕೊಂಡು ಕೂತೆವು. ಕೆಳಗೆ ಬೀಚಿನ ಕೊನೆಯ ಬಂಡೆಗಳ ಮೇಲೆ ನಾಲ್ಕೈದು ಹುಡುಗರು. ನಮ್ಮ ಕಡೆಯವರೋ ಇನ್ಯಾವ ದೇಶದವರೋ, ಅಷ್ಟು ದೂರಕ್ಕೆ ಗೊತ್ತಾಗಲಿಲ್ಲ. ಬ್ಯಾಗು, ಚಪ್ಪಲಿ ಎಲ್ಲ ಒಣ ಬಂಡೆಯ ಮೇಲೆ ಒಟ್ಟಿದ್ದರು. ಆಮೇಲೆ ಬಂದ ಅಲೆ ಎತ್ತರಕ್ಕೆ ಏಳಲೂ ಇಲ್ಲ, ಒಡೆಯಲೂ ಇಲ್ಲ. ಕೊಡ ಉರುಳಿದಾಗ ಅಂಗಳದ ತುಂಬ ನೀರು ಹರಡುತ್ತದಲ್ಲ, ಹಾಗೆ ಬಂಡೆಯ ಮೇಲೆ ಹಾಸಿಕೊಂಡು ಬಂತು. ಮೊಣಕಾಲಿಗಿಂತ ಮೇಲೆ ಇರಲಿಲ್ಲ. ಆದರೂ ಇಬ್ಬರು ಕೂತಲ್ಲಿಂದಲೇ ಜಾರಿಹೋದರು. ವಾಪಸ್ ಹೋಗುವಾಗ ನೀರು ಬ್ಯಾಗು, ಚಪ್ಪಲಿ ಎರಡನ್ನೂ ಒಯ್ದಿತು. ಹುಡುಗರು ಹೇಗೋ ಎದ್ದು ಬಂದರು. ಒಬ್ಬನ ಕಾಲು ತೊಡೆಯಿಂದ ಪಾದದ ತನಕ ತರಚಿ ಕೆಂಪಾಗಿತ್ತು. ಬಂಡೆಗೆ ಅಂಟಿದ ಚಿಪ್ಪುಗಳು ಗರಗಸಕ್ಕಿಂತ ಕಡಿಮೆ ಇಲ್ಲ, ಕಲ್ವ ಎಂಬ ಚಿಪ್ಪುಮೀನು ತೆಗೆಯುವ ನಮ್ಮ ಹೆಂಗಸರನ್ನು ಕೇಳಿದರೆ ಹೇಳುತ್ತಾರೆ. ಅದು ಅಲ್ಲಿಗೆ ಮುಗಿದದ್ದು ಆ ಹುಡುಗರ ಪುಣ್ಯ.

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆಸ್ಟ್ರೇಲಿಯಾದ ಬೀಚುಗಳಲ್ಲಿ ನಮ್ಮ ದೇಶದ ಮಕ್ಕಳು ಮುಳುಗಿದ ಸುದ್ದಿಯೂ ಆಗಾಗ ಬರುತ್ತದೆ. ಸುದ್ದಿಯ ಪುಟಕ್ಕೆ ಗೊತ್ತಿರುವುದು ಪ್ರವಾಸದ ಪುಟಕ್ಕೂ ಗೊತ್ತಿರಬೇಡವೇ?

ಇನ್ನು ಈ ನಡಿಗೆಯ ಬಗ್ಗೆ ಲೇಖನದಲ್ಲಿರುವ 'ಇದು ಗಟ್ಟಿಮುಟ್ಟಾದ ಯುವಕರಿಗೆ ಮಾತ್ರ' ಎಂಬ ಮಾತು. ಅದನ್ನು ನಾನು ಒಪ್ಪುವುದಿಲ್ಲ. ಆಟ್‌ಫರ್ಡ್‌ನಿಂದ ಬಂಡೀನಾವರೆಗೆ ಕರಾವಳಿ ದಾರಿ ಪೂರ್ತಿ 26 ಕಿಲೋಮೀಟರ್. ಅಷ್ಟನ್ನೂ ನಡೆಯಲೇಬೇಕು ಅಂತ ಯಾರಾದರೂ ಹರಕೆ ಹೊರಿಸಿದ್ದಾರಾ? ಆಟ್‌ಫರ್ಡ್‌ಗೆ ರೈಲಿದೆ. ಅಲ್ಲಿಂದ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ನಿಧಾನಕ್ಕೆ ನಾರ್ತ್ ಈರಾ ಕ್ಯಾಂಪಿಗೆ ಸೇರಬಹುದು. ರಾತ್ರಿ ಅಲ್ಲೇ ಮಲಗಿ, ಮಾರನೇ ದಿನ ಒಂದು ಗುಡ್ಡ ದಾಟಿದರೆ ಗ್ಯಾರಿ ಬೀಚ್. ಅಲ್ಲಿಯವರೆಗೆ ಕಾರು ಬರುತ್ತದೆ. ಗ್ಯಾರಿ ರಸ್ತೆಯ ಗೇಟನ್ನು ರಾತ್ರಿ ಮುಚ್ಚುತ್ತಾರೆ, ಕಾರು ತರುವವರಿಗೆ ಅದು ನೆನಪಿರಲಿ. ನನ್ನ ಮೊಣಕಾಲು ಅಷ್ಟೇನೂ ಚೆನ್ನಾಗಿಲ್ಲ. ಎರಡು ಕೋಲು ಹಿಡಿದು ಇಳಿದೆ. ಏರುವುದಕ್ಕಿಂತ ಇಳಿಯುವುದೇ ಕಷ್ಟ, ಯಾಣಕ್ಕೆ ಹೋಗಿ ಬಂದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಮಕ್ಕಳ ಮನೆಗೆ ಬಂದ ಅಪ್ಪ-ಅಮ್ಮಂದಿರನ್ನು ಒಪೆರಾ ಹೌಸ್ ಮುಂದೆ ನಿಲ್ಲಿಸಿ ಫೋಟೊ ತೆಗೆದು ಮನೆಗೆ ಕರೆತಂದರೆ ಸಾಕು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಆಮೇಲೆ ಆ ಹಿರಿಯರು ಆರು ತಿಂಗಳು ಸೋಫಾ ಮೇಲೆ ಕೂತು ಊರಿನ ಧಾರಾವಾಹಿ ನೋಡುತ್ತಾರೆ. ಇವರಲ್ಲಿ ಅರ್ಧಕ್ಕರ್ಧ ಜನ ಗುಡ್ಡ ಹತ್ತಿ ಇಳಿದೇ ದೊಡ್ಡವರಾದವರು!

ಕಾಡೂ ನಮಗೆ ತೀರಾ ಹೊಸದಲ್ಲ. ನಮ್ಮ ಜಿಲ್ಲೆಯಲ್ಲಿ ಅರಣ್ಯ ಇಲಾಖೆ ನೆಟ್ಟ ಅಕೇಶಿಯಾದ ತವರೂ ಆಸ್ಟ್ರೇಲಿಯಾ ಕಡೆಯದೇ. ನಾವು ನೀಲಗಿರಿ ಎಂದು ಬೈಯುವ ಮರದ ಬಳಗ ಅಲ್ಲಿ ತನ್ನ ಮನೆಯಲ್ಲಿದೆ. ಅಲ್ಲಿ ಅದನ್ನು ನೋಡಿದರೆ ಸಿಟ್ಟು ಬರುವುದಿಲ್ಲ, ಚೆಂದ ಕಾಣುತ್ತದೆ. ಈರಾ ದಿಬ್ಬದ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಸುತ್ತು ಹಾಕುತ್ತಿತ್ತು. ನಮ್ಮ ನೇತ್ರಾಣಿ ದ್ವೀಪದಲ್ಲಿ ಗೂಡು ಕಟ್ಟುವ ಅದೇ ಜಾತಿ. ಕತ್ತಲಾಗುವ ಹೊತ್ತಿಗೆ ಟೆಂಟುಗಳ ನಡುವೆ ರೂಸಾ ಜಿಂಕೆಗಳು ಮೇಯಲು ಬಂದವು, ನಮ್ಮ ಕಡವೆಯ ಹತ್ತಿರದ ನೆಂಟರು. 1880ರ ದಶಕದಲ್ಲಿ ಬಿಳಿಯರು ತಂದು ಬಿಟ್ಟದ್ದು. ಈಗ ಅಲ್ಲಿನ ಗಿಡಗಳನ್ನು ತಿಂದು ಹಾಳು ಮಾಡುತ್ತವೆ ಎಂಬುದೇ ಪಾರ್ಕಿನವರ ತಲೆನೋವು. 1879ರಲ್ಲೇ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದವರು ಐದಾರು ವರ್ಷಕ್ಕೆ ಜಿಂಕೆ ತಂದು ಬಿಟ್ಟರು ನೋಡಿ. ನಮ್ಮ ಅಕೇಶಿಯಾದ ಕತೆ ಬೇರೆ ಏನಲ್ಲ.

ಜಿಂಕೆಗಿಂತ ಕಾಗೆಯ ಕಾಟ ಜಾಸ್ತಿ. ಮಗುವಿನ ಹಾಗೆ ರಾಗ ಎಳೆದು ಅಳುತ್ತದೆ. ಪಕ್ಕದ ಟೆಂಟಿನವರು ಬ್ಯಾಗು ಹೊರಗೆ ಬಿಟ್ಟು ನೀರಿಗಿಳಿದಿದ್ದರು. ಕಾಗೆ ಪ್ಲಾಸ್ಟಿಕ್ ಹರಿದು ಬ್ರೆಡ್ ಎಳೆಯಿತು, ಆಮೇಲೆ ಟೂತ್‌ಪೇಸ್ಟನ್ನೂ ಎಳೆಯಿತು. ನಮ್ಮ ಅವಲಕ್ಕಿ ಸ್ಟೀಲ್ ಡಬ್ಬದಲ್ಲಿತ್ತು, ಉಳಿಯಿತು. ಉಣುಗಿನ ಬಗ್ಗೆಯೂ ಹೇಳಬೇಕು. ಮಂಗನ ಕಾಯಿಲೆ ಕಂಡ ಜಿಲ್ಲೆಯವಳು ನಾನು, ಅದರ ಹೆಸರು ಕೇಳಿದರೇ ಮೈ ಜುಂ ಎನ್ನುತ್ತದೆ. ಅಲ್ಲಿ ಮಂಗನ ಕಾಯಿಲೆ ಇಲ್ಲ, ಆದರೆ ಅಲ್ಲಿನ ಒಂದು ಉಣುಗಿನ ವಿಷ ನರಕ್ಕೇ ಹೊಡೆಯುತ್ತದೆ. ಉದ್ದ ಪ್ಯಾಂಟ್ ಹಾಕಿ, ಕಾಲುಚೀಲದೊಳಗೆ ಸಿಕ್ಕಿಸಿ, ಸಂಜೆ ಮೈ ನೋಡಿಕೊಂಡರೆ ಸಾಕು.

ಲೇಖನದಲ್ಲಿ ಒಂದು ನೇರ ತಪ್ಪೂ ಇದೆ. 'ಕ್ಯಾಂಪಿನಲ್ಲಿ ನೀರಿನ ವ್ಯವಸ್ಥೆ ಇದೆ' ಎಂದು ಬರೆದಿದ್ದಾರೆ. ನಾರ್ತ್ ಈರಾದಲ್ಲಿ ಶೌಚಾಲಯ ಇದೆ, ಕುಡಿಯುವ ನೀರು ಇಲ್ಲ. ಪ್ರತಿಯೊಬ್ಬರೂ ಮೂರು-ನಾಲ್ಕು ಲೀಟರ್ ಹೊತ್ತೇ ಹೋಗಬೇಕು. ಬೇಸಿಗೆಯಲ್ಲಿ ಈ ಒಂದು ಸಾಲು ನಂಬಿ ಖಾಲಿ ಬಾಟಲಿ ಹಿಡಿದು ಹೋದವರ ಗತಿ ಏನು? ಜಾಗವನ್ನು ಮೊದಲೇ ಬುಕ್ ಮಾಡಬೇಕು, ಸುಮ್ನೆ ಹೋಗಿ ಟೆಂಟ್ ಹೊಡೆಯುವಂತಿಲ್ಲ. ಸೌದೆ ಬೆಂಕಿ ಹಾಕುವಂತಿಲ್ಲ, ಚಹಾಕ್ಕೆ ಸಣ್ಣ ಗ್ಯಾಸ್ ಒಲೆ ಒಯ್ಯಬೇಕು. ಬೆಂಕಿಯ ವಿಚಾರದಲ್ಲಿ ಅವರು ಗಟ್ಟಿ, 1994ರ ಜನವರಿಯ ಕಾಡ್ಗಿಚ್ಚಿನಲ್ಲಿ ಈ ಪಾರ್ಕಿನ ಬಹುಪಾಲು ಸುಟ್ಟುಹೋಗಿತ್ತು. ಫೋನ್ ಎಲ್ಲ ಕಡೆ ಸಿಗುವುದಿಲ್ಲ. ಅದಕ್ಕೇ ಎಲ್ಲಿಗೆ ಹೋಗುತ್ತೇವೆ, ಯಾವಾಗ ಬರುತ್ತೇವೆ ಎಂದು ಆನ್‌ಲೈನ್ ಫಾರ್ಮ್ ತುಂಬಿ ಹೋಗುವ ಏರ್ಪಾಡಿದೆ. ಹೇಳಿದ ಹೊತ್ತಿಗೆ ಬರದಿದ್ದರೆ ಹುಡುಕಲು ಅದೇ ಆಧಾರ.

ಫೋಟೊ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಮುಂದಿನ ಭಾನುವಾರದ ಪುರವಣಿಯಲ್ಲಿ ನೀರಿನ ವಿಷಯಕ್ಕೆ ಒಂದು ತಿದ್ದುಪಡಿ ಕೊಡಿ. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಿ: ಫಿಗರ್ ಎಯ್ಟ್ ಪೂಲ್ಸ್‌ಗೆ ಕಡಲಿನ ಇಳಿತದ ಹೊತ್ತಿನಲ್ಲಿ ಮಾತ್ರ, ಅದೂ ಅಂದಿನ ಅಲೆಯ ಮುನ್ಸೂಚನೆ ನೋಡಿಯೇ ಹೋಗಬೇಕು, ಬಂಡೆ ಒದ್ದೆಯಾಗಿ ಕಂಡರೆ ವಾಪಸ್ ಬರಬೇಕು. ಶಾಲೆಗಳಿಗೆ ರಜೆ ಶುರುವಾಗುವ ಮೊದಲೇ ಹಾಕಿದರೆ ಒಳ್ಳೆಯದು. ಆಗಲೇ ಊರಿನಿಂದ ಸಿಡ್ನಿಗೆ ಬರುವವರು ಜಾಸ್ತಿ.

ಇಂತಿ,
ಕುಮಟಾದ ನಿವೃತ್ತ ಶಿಕ್ಷಕಿ
(ಸದ್ಯ ಸಿಡ್ನಿಯಲ್ಲಿ)